ಕಿಂಡಿಯಲ್ಲಿ ಕಂಡದ್ದು

ಝಾಬಿನೆಟ್ಸ್ ಪಟ್ಟಣದಲ್ಲಿ ಯಾರ ಕಾರು ಯಾವ ಮರಕ್ಕೆ ಗುದ್ದಿದರೂ ಅದು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಓಲ್ಗೆರ್ದ್ ಗಾವ್ರೋನ್ ಎದುರಿಗೆ. ರೈಲ್ವೆ ಗೇಟಿನ ಪಕ್ಕದ ಗ್ಯಾರೇಜಿನಲ್ಲಿ ಅವನದು ಟಿಂಕರಿಂಗ್ ಕೆಲಸ. ನುಜ್ಜಾದ ಬಾಗಿಲನ್ನು ಕಳಚಿ, ತೊಡೆಯ ಮೇಲಿಟ್ಟುಕೊಂಡು, ಒಳಗಡೆಯಿಂದ ಸಣ್ಣ ಸಣ್ಣ ಏಟು ಹಾಕುತ್ತ ಹೋದನೆಂದರೆ, ಸಂಜೆಯ ಹೊತ್ತಿಗೆ ಆ ಬಾಗಿಲಿಗೆ ಏನೂ ಆಗಿಯೇ ಇರಲಿಲ್ಲವೇನೋ ಅನ್ನಿಸಬೇಕು, ಅಂಥ ಕೈ. ಆದರೆ ಅವನ ಹೆಸರು ಪಟ್ಟಣದ ಆಚೆಗೂ ಹೋದದ್ದು ಕಾರಿನಿಂದಲ್ಲ, ಕವಚದಿಂದ.

ಪಟ್ಟಣದ ಹೊರಗೆ, ವಿಸ್ತುಲಾ ನದಿಯ ದಂಡೆಯ ಮೇಲೆ ಕೆಂಪು ಇಟ್ಟಿಗೆಯ ಪಾಳು ಕೋಟೆಯೊಂದಿದೆ. ಅದರ ಕೆಳಗಿನ ಹುಲ್ಲುಗಾವಲಿನಲ್ಲಿ ಬೇಸಿಗೆಯ ಭಾನುವಾರಗಳಲ್ಲಿ ಊರಿನ ಕೆಲವರು ಸೇರಿ ಆರುನೂರು ವರ್ಷದ ಹಿಂದಿನವರಾಗುತ್ತಿದ್ದರು. ಅಂಚೆಯವನು, ಕಟುಕ, ಸಕ್ಕರೆ ಕಾರ್ಖಾನೆಯ ಫೋರ್‌ಮನ್ ಎಲ್ಲರೂ ಉಣ್ಣೆಯ ಕಾಲುಚೀಲ ತೊಟ್ಟು, ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಯ ಮೇಲೆ ಉಕ್ಕು ಬಿಗಿದುಕೊಂಡು, ಮೊಂಡು ಕತ್ತಿ ಹಿಡಿದು ಹೊಡೆದಾಡುತ್ತಿದ್ದರು. ಜುಲೈ ಬಂದರೆ ಗ್ರುನ್‌ವಾಲ್ಡ್ ಬಯಲಿಗೆ ಹೋಗಿ, ಹಿಂದೆ ಅಲ್ಲಿ ಆಗಿದ್ದ ದೊಡ್ಡ ಯುದ್ಧವನ್ನೂ ಆಡಿ ತೋರಿಸುತ್ತಿದ್ದರು. ತಂಡದ ನಾಯಕ ರೋಖ್ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಆ ತಂಡದಲ್ಲಿ ಯಾರ ತಲೆಯ ಮೇಲಿನ ಶಿರಸ್ತ್ರಾಣ ತಿರುಗಿಸಿ ನೋಡಿದರೂ ಒಳಗೆ ಓಲ್ಗೆರ್ದ್‌ನ ಸುತ್ತಿಗೆಯ ಗುರುತು ಕಾಣುತ್ತಿತ್ತು. ಚಪ್ಪಟೆ ತಗಡನ್ನು ಬಟ್ಟಲು ಮಾಡಿ, ಬಟ್ಟಲನ್ನು ತಲೆಬುರುಡೆ ಮಾಡಿ, ಎಲ್ಲೂ ಬೆಸುಗೆ ಕಾಣದ ಹಾಗೆ ಎಬ್ಬಿಸುವುದು ಅವನಿಗೆ ಮಾತ್ರ ಬರುತ್ತಿತ್ತು.

ಅವರ ಕಾಳಗಕ್ಕೆ ಒಂದು ನಿಯಮವಿತ್ತು. ಎದುರಾಳಿಯ ಕತ್ತಿ ಮೈಗೆ ಸರಿಯಾಗಿ ತಾಗಿದರೆ ಬೀಳಬೇಕು. ತಾಗಿತೋ ಇಲ್ಲವೋ ಹೇಳುವುದಕ್ಕೆ ಬೇರೆ ಯಾರೂ ಇಲ್ಲ. ತಾಗಿಸಿಕೊಂಡವನೇ ಒಪ್ಪಿಕೊಂಡು ನೆಲಕ್ಕೆ ಒರಗಬೇಕು. ಓಲ್ಗೆರ್ದ್ ಒರಗುತ್ತಿರಲಿಲ್ಲ. ಏಟು ಬಿದ್ದ ಸದ್ದು ನದಿಯ ಆಚೆ ದಡಕ್ಕೆ ಕೇಳಿಸಿದರೂ ಅವನು ಮಾತ್ರ ನಿಂತೇ ಇರುತ್ತಿದ್ದ. ಕೇಳಿದರೆ, "ಜಾರಿಹೋಯ್ತು ಕಣ್ರೋ, ಅದೇನು ಏಟಾ" ಅನ್ನುತ್ತಿದ್ದ. ಇಲ್ಲವೇ, "ಈ ಕವಚದೊಳಗೆ ಗೊತ್ತೇ ಆಗಲ್ಲ, ಅಷ್ಟು ಚೆನ್ನಾಗಿ ಮಾಡಿದೀನಿ, ಏನು ಮಾಡ್ಲಿ" ಅನ್ನುತ್ತಿದ್ದ. ತಂಡದವರು ಬೆನ್ನ ಹಿಂದೆ ಅವನನ್ನು ಚಿರಂಜೀವಿ ಎಂದು ಕರೆಯುತ್ತಿದ್ದರು. ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ, ಎಲ್ಲರ ತಲೆಯೂ ಅವನು ಮಾಡಿಕೊಟ್ಟ ಕಬ್ಬಿಣದೊಳಗಿತ್ತಲ್ಲ.

ಅವನ ಹೆಂಡತಿ ಇರ್ಮಿನಾ ತಂಡಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ನಾರುಬಟ್ಟೆಗೆ ಜೇನುಮೇಣ ಸವರಿದ ನೂಲು, ಕೈಹೊಲಿಗೆಯೇ ಆಗಬೇಕು. ಯಂತ್ರದ ಹೊಲಿಗೆ ಒಂದು ಗೇಣು ಕಂಡರೂ ಬಿಚ್ಚಿಸುವ ಹೆಂಗಸು. ಪ್ರತಿ ಕಾಳಗದ ಮಾರನೆಯ ದಿನ ಎಲ್ಲರ ಅಂಗಿಗಳೂ ಅವಳ ಮನೆಗೆ ಒಗೆಯಲು ಬರುತ್ತಿದ್ದವು.

"ರೋಖ್ ಅಂಗಿ ಬೆನ್ನೆಲ್ಲ ಹುಲ್ಲಿನ ಕಲೆ," ಎಂದು ಅವಳು ಒಮ್ಮೆ ಗಂಡನಿಗೆ ಹೇಳಿದ್ದಳು. "ಅಂಚೆಯವನದ್ದೂ ಅಷ್ಟೇ. ನಿಂದೊಂದೇ ನೋಡು ಓಲೆಕ್, ಒಗೆಯೋದೇ ಬೇಡ. ಇಸ್ತ್ರಿ ಹಾಕಿ ಮತ್ತೆ ಕೊಡ್ಬಹುದು."

ಅವನು ನಕ್ಕ. ಅವಳು ನಗಲಿಲ್ಲ. ಅವನು ಅದನ್ನು ಹೊಗಳಿಕೆ ಅಂದುಕೊಂಡ.

ತಂಡಕ್ಕೆ ಕೊನೆಗೆ ಸೇರಿದವನು ಮೇತೆಕ್ ಸೊವಾ, ಪಟ್ಟಣದ ಕ್ಷೌರಿಕ. ಚರ್ಚಿನ ಎದುರಿಗೇ ಅವನ ಅಂಗಡಿ. ಊರಿನ ಗಂಡಸರೆಲ್ಲರ ತಲೆ ಅವನ ಕೈಯಲ್ಲೇ ಬೆಳೆದದ್ದು. ದಪ್ಪ ಮನುಷ್ಯ, ಓಡಿದರೆ ಏದುಸಿರು. ಹೆಂಡತಿ ಬ್ರೊನ್ಯಾ ಅವನಿಗೆ ಕ್ಷೌರದ ಕುರ್ಚಿಯ ಸುತ್ತ ತಿರುಗಿದ್ದು ಬಿಟ್ಟರೆ ಬೇರೆ ವ್ಯಾಯಾಮವೇ ಇಲ್ಲವೆಂದು ಬಯ್ದು ಬಯ್ದು ಇಲ್ಲಿಗೆ ಕಳಿಸಿದ್ದಳು. ಕತ್ತಿ ಹಿಡಿದರೆ ಕತ್ತರಿ ಹಿಡಿದ ಹಾಗೆ ಕಿರುಬೆರಳು ಎತ್ತಿಕೊಂಡೇ ಹಿಡಿಯುತ್ತಿದ್ದ. ಯಾರು ತಾಗಿಸಿದರೂ ಸರಿ, ಕೆಲವೊಮ್ಮೆ ತಾಗದಿದ್ದರೂ ಸರಿ, "ಅಯ್ಯೋ ಹೋದೆ" ಎಂದು ನಗುತ್ತ ಬಿದ್ದುಬಿಡುತ್ತಿದ್ದ. ನೋಡುವ ಜನಕ್ಕೆ ಅವನೆಂದರೆ ಬಹಳ ಇಷ್ಟ.

ಮೇತೆಕ್ ಚರ್ಮದ ಕೈಗವಸಿನಲ್ಲೇ ಹೊಡೆದಾಡುತ್ತಿದ್ದ. ಉಕ್ಕಿನದನ್ನು ಮಾಡಿಕೊಡುತ್ತೇನೆಂದು ಓಲ್ಗೆರ್ದ್ ಹಿಂದಿನ ಚಳಿಗಾಲದಲ್ಲೇ ಮಾತು ಕೊಟ್ಟಿದ್ದ. ಕೈಗವಸು ಎಂದರೆ ಬೆರಳು ಬೆರಳಿಗೂ ಮೀನಿನ ಹುರುಪೆಯಂತೆ ಸಣ್ಣ ತಗಡು ಕೂರಿಸುವ ತಲೆನೋವಿನ ಕೆಲಸ. ಆ ಚಳಿಗಾಲ ಅವನು ತನಗೇ ಒಂದು ಹೊಸ ಎದೆಗವಚ ಮಾಡಿಕೊಂಡ. ಮೇತೆಕ್ ಅವನ ಕೂದಲು ಕತ್ತರಿಸುವಾಗೊಮ್ಮೆ ನೆನಪಿಸಿದ್ದ.

"ಏನಪ್ಪಾ, ನನ್ನ ಬೆರಳು ಇನ್ನೂ ಬೆತ್ತಲೆ ಇದಾವೆ."

"ಆಗುತ್ತೆ ಬಿಡೋ. ನಿನ್ನನ್ನ ಯಾರು ಹೊಡೀತಾರೆ, ಹೊಡೆಯೋಕೆ ಮುಂಚೆನೇ ಬಿದ್ದಿರ್ತೀಯ."

ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕಿದ್ದರು.

ಅದು ಸೆಪ್ಟೆಂಬರಿನ ಕೊನೆಯ ಪ್ರದರ್ಶನ. ಬಿಸಿಲು ಚೆನ್ನಾಗಿತ್ತು, ಜನ ಹಗ್ಗದ ಆಚೆ ಒತ್ತೊತ್ತಾಗಿ ನಿಂತಿದ್ದರು, ಹೊಗೆಯಾಡಿಸಿದ ಸಾಸೇಜಿನ ವಾಸನೆ ಮೈದಾನದ ತುಂಬ ಹರಡಿತ್ತು. ಓಲ್ಗೆರ್ದ್ ಹೊಸ ಎದೆಗವಚ ತೊಟ್ಟಿದ್ದ, ಅದರ ಮೇಲೆ ಆಕಾಶವೇ ಕಾಣುವ ಹಾಗೆ ಉಜ್ಜಿದ್ದ. ಕಾಳಗ ಮುಗಿಯುತ್ತ ಬಂದಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಹುಲ್ಲಿನ ಮೇಲೆ ಮಲಗಿ, ಕೊನೆಗೆ ನಿಂತವರು ಇಬ್ಬರೇ: ಯಾವತ್ತೂ ಬೀಳದ ಓಲ್ಗೆರ್ದ್, ಮತ್ತೆ ಯಾರ ಕಣ್ಣಿಗೂ ಬೀಳದೆ ಬಂಡಿಯ ಹಿಂದೆ ಉಳಿದುಹೋಗಿದ್ದ ಮೇತೆಕ್.

ಮೇತೆಕ್ ಗುರಾಣಿ ಅಡ್ಡ ಹಿಡಿದು ಸುತ್ತಲೂ ಕುಣಿಯುತ್ತಿದ್ದ. ಓಲ್ಗೆರ್ದ್ ಒಂದು ದೊಡ್ಡ ಏಟು ಎತ್ತಿದ. ಮೇತೆಕ್ ತಪ್ಪಿಸಿಕೊಂಡನೋ ಎಡವಿದನೋ ಹೇಳುವುದು ಕಷ್ಟ, ಅಂತೂ ಪಕ್ಕಕ್ಕೆ ಸರಿದ. ಸರಿದವನ ಕತ್ತಿ ಬಂದು ಓಲ್ಗೆರ್ದ್‌ನ ಶಿರಸ್ತ್ರಾಣದ ಮೇಲೆ ಠಣ್ ಎಂದಿತು. ಅದು ಇಡೀ ಮೈದಾನಕ್ಕೆ ಕೇಳಿಸಿತು. ಓಲ್ಗೆರ್ದ್ ಬೀಳಲಿಲ್ಲ. ಮೇತೆಕ್ ಒಂದು ಗಳಿಗೆ ಕಾದು ನೋಡಿ, ಕೇಳಿಸಲಿಲ್ಲವೇನೋ ಎಂಬಂತೆ, ಇನ್ನೊಂದು ಸಲ ಎದೆಯ ಮೇಲೆ ಠಣ್ ಎನ್ನಿಸಿದ. ಆಗಲೂ ಬೀಳಲಿಲ್ಲ.

ಹಗ್ಗದ ಬಳಿ ಸ್ಟೂಲಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕೂಗಿ ಹೇಳಿದಳು: "ಏಯ್ ಕಬ್ಬಿಣದಣ್ಣಾ, ನೀನು ಸತ್ತಿದೀಯ ಕಣಪ್ಪಾ. ನಿಂಗೊಬ್ಬನಿಗೇ ಗೊತ್ತಿಲ್ಲ ಅಷ್ಟೇ."

ಇಡೀ ಜನ ಗೊಳ್ಳೆಂದು ನಕ್ಕಿತು. ಹುಲ್ಲಿನ ಮೇಲೆ ಸತ್ತು ಮಲಗಿದ್ದ ಅಂಚೆಯವನ ಹೊಟ್ಟೆಯೂ ನಗುವಿನಿಂದ ಕುಲುಕುತ್ತಿದ್ದುದನ್ನು ಓಲ್ಗೆರ್ದ್ ನೋಡಿದ. ಮೇತೆಕ್ ಆಟ ಮುಗಿಯಿತೆಂದುಕೊಂಡ. ಅವನು ಜನರ ಕಡೆಗೆ ತಿರುಗಿ, ಕತ್ತಿಯ ತುದಿಯನ್ನು ನೆಲಕ್ಕೆ ಊರಿ, ಹಿಡಿಯ ಮೇಲೆ ಬಲಗೈ ಇಟ್ಟು, ನಾಟಕದವರ ಹಾಗೆ ಬಗ್ಗಿ ನಮಸ್ಕಾರ ಮಾಡಿದ.

ಶಿರಸ್ತ್ರಾಣದಲ್ಲಿ ಮುಖ ಮುಚ್ಚುವ ತಗಡಿನ ಕಿಂಡಿ ಒಂದು ಬೆರಳಿನಷ್ಟು ಅಗಲ. ಆ ಕಿಂಡಿಯೊಳಗಿಂದ ಓಲ್ಗೆರ್ದ್‌ಗೆ ಕಂಡದ್ದು ಆ ಕೈ ಒಂದೇ. ಚರ್ಮದ ಗವಸು, ಹಿಡಿಯ ಮೇಲೆ ಹಾಯಾಗಿ ಕೂತ ಬೆರಳುಗಳು, ಸ್ವಲ್ಪ ಮೇಲೆದ್ದ ಕಿರುಬೆರಳು. ಎಲ್ಲ ಸ್ಪಷ್ಟವಾಗಿ ಕಂಡಿತು. ಅವನು ಕತ್ತಿ ಎತ್ತಿ ಆ ಕೈಯ ಮೇಲೆಯೇ ಹೊಡೆದ.

ಮೇತೆಕ್ ಕೂಗಲಿಲ್ಲ. ಮೊಣಕಾಲೂರಿ ಕೂತು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, "ಅಮ್ಮಾ" ಎಂದು ಮೆಲ್ಲಗೆ ಅಂದ. ಸತ್ತವರೆಲ್ಲ ಎದ್ದು ಓಡಿ ಬಂದರು. ಗವಸು ಕತ್ತರಿಸಿ ತೆಗೆದಾಗ ಎರಡು ಬೆರಳು ಇರಬೇಕಾದ ಕಡೆ ಇರಲಿಲ್ಲ, ಪಕ್ಕಕ್ಕೆ ತಿರುಗಿದ್ದವು.

"ಏನಾಯ್ತು ಓಲೆಕ್?" ಎಂದು ರೋಖ್ ಕೇಳಿದ.

ಓಲ್ಗೆರ್ದ್ ಮುಖದ ತಗಡು ಎತ್ತಿದ. "ಕಾಣಲಿಲ್ಲ," ಅಂದ. "ಇನ್ನೂ ಆಡ್ತಿದಾನೆ ಅಂದ್ಕೊಂಡೆ. ಈ ಕಿಂಡಿಯಲ್ಲಿ ಏನೂ ಕಾಣಲಿಲ್ಲ."

ಎಲ್ಲರೂ ನಂಬಿದರು. ಆ ತಗಡಿನೊಳಗೆ ತಲೆ ಹಾಕಿದ ಯಾರಿಗಾದರೂ ಗೊತ್ತಿತ್ತು, ಅಲ್ಲಿಂದ ಮುಕ್ಕಾಲು ಜಗತ್ತು ಕಾಣುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಬೆವರಿ ಬಿಳಿಚಿಕೊಂಡು ಕೂತಿದ್ದ ಮೇತೆಕ್ಕೇ ಅವನ ಬೆನ್ನು ತಟ್ಟಿದ. "ನೀನ್ಯಾಕೋ ಅಳೋ ಮುಖ ಮಾಡ್ಕೊಂಡಿದೀಯ? ನಂದೂ ತಪ್ಪಿದೆ. ಕಾಳಗದ ಮಧ್ಯ ನಮಸ್ಕಾರ ಮಾಡೋಕೆ ಹೋದ್ನಲ್ಲ, ನಾನೆಂಥ ಪೆದ್ದ." ಓಲ್ಗೆರ್ದ್‌ಗೆ ಆ ಎಡಗೈ ಬೆನ್ನಿನ ಮೇಲೆ ಕಾದ ಕಬ್ಬಿಣ ಇಟ್ಟ ಹಾಗಾಯಿತು.

ಬೈದಿದ್ದರೆ, ದೂರು ಕೊಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಗಿದ್ದು ಉಲ್ಟಾ. ಬ್ರೊನ್ಯಾ ದಾರಿಯಲ್ಲಿ ಸಿಕ್ಕಾಗ, "ನೀನು ಮನಸ್ಸಿಗೆ ಹಚ್ಕೋಬೇಡಪ್ಪ" ಅನ್ನುತ್ತಿದ್ದಳು. ಪಾದ್ರಿ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದರು. ಒಬ್ಬೊಬ್ಬರ ಸಮಾಧಾನದಿಂದಲೂ ಅವನ ಸುಳ್ಳು ಇನ್ನಷ್ಟು ಗಟ್ಟಿಯಾಗುತ್ತ ಹೋಯಿತು.

ಅವನು ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡು ಮೇತೆಕ್‌ನ ಕೈಗವಸು ಮಾಡಲು ಕೂತ. ಯಾಕೆಂದು ಅವನಿಗೇ ತಿಳಿದಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೇ. ಹುರುಪೆಯ ಮೇಲೆ ಹುರುಪೆ, ಸಾಸಿವೆಯಷ್ಟು ಸಣ್ಣ ರಿವೆಟ್ಟು, ಬೆರಳು ಮಡಿಸಿದರೆ ರೇಷ್ಮೆಯ ಹಾಗೆ ಮಡಿಯಬೇಕು. ಅವನ ಬದುಕಿನಲ್ಲಿ ಅಂಥ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಮುಗಿದ ದಿನ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮೇತೆಕ್‌ನ ಮನೆಗೆ ಹೋದ.

ಬ್ರೊನ್ಯಾ ಬಿಸಿ ಬಿಸಿ ಹುಳಿ ಸೂಪು ಬಡಿಸಿದಳು. ಎದುರಿಗೆ ಮೇತೆಕ್ ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಚೆಲ್ಲಿ ಅರ್ಧ ಕುಡಿಯುತ್ತಿದ್ದ. ಬಲಗೈ ಪ್ಲಾಸ್ಟರಿನೊಳಗೆ ದಪ್ಪಗೆ, ಮೇಜಿನ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ಆ ಕೈ ನೋಡುತ್ತಿದ್ದಂತೆ ಓಲ್ಗೆರ್ದ್‌ಗೆ ತಾನು ತಂದದ್ದು ಏನು ಎಂದು ಅರ್ಥವಾಯಿತು. ಮುರಿದ ಮೇಲೆ ಕವಚ ತಂದಿದ್ದೇನೆ, ಮಡಿಯದ ಬೆರಳಿಗೆ ರೇಷ್ಮೆಯ ಹಾಗೆ ಮಡಿಯುವ ಉಕ್ಕು ತಂದಿದ್ದೇನೆ. ಅವನು ಕಾಲಿನಿಂದ ಚೀಲವನ್ನು ಬೆಂಚಿನ ಕೆಳಗೆ ತಳ್ಳಿದ. ಒಳಗೆ ಉಕ್ಕು ಕಿಣಿ ಎಂದಿತು.

"ಏನದು?" ಎಂದಳು ಬ್ರೊನ್ಯಾ.

"ಏನಿಲ್ಲ, ಸಾಮಾನು. ಕೆಲಸದಿಂದ ಸೀದಾ ಬಂದೆ."

ಮನೆಗೆ ಹೋದವನು ಒಂದೊಂದೇ ರಿವೆಟ್ಟು ಕಿತ್ತು ಕೈಗವಸನ್ನು ಬಿಚ್ಚಿ, ಚೂರುಗಳನ್ನು ಗುಜರಿ ಡಬ್ಬಕ್ಕೆ ಸುರಿದ.

ಕ್ಷೌರದಂಗಡಿ ಮುಚ್ಚುವಂತಿರಲಿಲ್ಲ, ಮನೆ ನಡೆಯಬೇಕಲ್ಲ. ಮೇತೆಕ್ ಕುರ್ಚಿಯ ಪಕ್ಕ ನಿಂತು ಬಾಯಲ್ಲಿ ಹೇಳುತ್ತಿದ್ದ, ಬ್ರೊನ್ಯಾ ಕತ್ತರಿ ಆಡಿಸುತ್ತಿದ್ದಳು. ಅವಳು ಅಲ್ಲಿಯತನಕ ತೋಟದ ಬೇಲಿ ಬಿಟ್ಟು ಇನ್ನೇನನ್ನೂ ಕತ್ತರಿಸಿದವಳಲ್ಲ. ಊರಿನ ಗಂಡಸರು ಸ್ನೇಹಕ್ಕೆ ಕಟ್ಟುಬಿದ್ದು ಅಲ್ಲಿಗೇ ಹೋಗಿ ತಲೆ ಕೊಟ್ಟರು. ಭಾನುವಾರ ಚರ್ಚಿನಲ್ಲಿ ಓಲ್ಗೆರ್ದ್ ಹಿಂದಿನ ಸಾಲಿನಲ್ಲಿ ಕೂತರೆ ಮುಂದೆ ಬರೀ ತಲೆಗಳು: ಒಂದಕ್ಕೆ ಕಿವಿಯ ಮೇಲೆ ಮೆಟ್ಟಿಲು, ಒಂದಕ್ಕೆ ಕುತ್ತಿಗೆಯಲ್ಲಿ ಡೊಂಕು ಗೆರೆ, ಕಟುಕನ ನೆತ್ತಿಯಲ್ಲಂತೂ ದನ ಮೇಯ್ದ ಹಾಗೆ ಒಂದು ಬೋಳು. ಜನ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಓಲ್ಗೆರ್ದ್‌ಗೆ ಮಾತ್ರ ಒಂದೊಂದು ತಲೆಯೂ ಇದು ನಿನ್ನ ಕೆಲಸ, ಇದೂ ನಿನ್ನ ಕೆಲಸ ಎಂದು ಬೆನ್ನು ತಿರುಗಿಸಿ ಹೇಳುತ್ತಿತ್ತು. ಅವನು ನೆಲ ನೋಡುತ್ತ ಪ್ರಾರ್ಥನೆ ಮುಗಿಸುತ್ತಿದ್ದ.

ತನ್ನ ತಲೆಯನ್ನು ಆ ಅಂಗಡಿಗೆ ಒಯ್ಯಲು ಅವನಿಗೆ ಆಗಲಿಲ್ಲ. ಬೇರೆ ಊರಿಗೆ ಹೋಗಿ ಕತ್ತರಿಸಿಕೊಂಡರೆ ಅದು ಇನ್ನೊಂದು ದ್ರೋಹ. ಕೂದಲು ಕಿವಿ ಮುಚ್ಚಿತು, ಕಾಲರಿಗೆ ಇಳಿಯಿತು. ಗ್ಯಾರೇಜಿನಲ್ಲಿ, "ಏನ್ ಗುರುವೇ, ಸನ್ಯಾಸನಾ?" ಎಂದು ಯಾರಾದರೂ ಸುಮ್ಮನೆ ಕೇಳಿದರೂ ಅವನ ಮುಖ ಕೆಂಪಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಪಾಡು.

ನವೆಂಬರಿನಲ್ಲಿ ಊರೆಲ್ಲ ಸಮಾಧಿಗಳಿಗೆ ದೀಪ ಹಚ್ಚುವ ಹಬ್ಬದ ದಿನ, ಸ್ಮಶಾನದ ದಾರಿಯಲ್ಲಿ ಮೇತೆಕ್ ಎದುರಿಗೇ ಸಿಕ್ಕಿದ. ಪ್ಲಾಸ್ಟರ್ ಬಿಚ್ಚಿದ್ದರು. ಬಲಗೈಯ ಎರಡು ಬೆರಳು ನೆಟ್ಟಗೆ ಚಾಚಿಕೊಂಡೇ ಇದ್ದವು.

"ಇದೇನೋ ನಿನ್ನ ತಲೆ, ಪಾರಿವಾಳ ಬಿಟ್ಟುಹೋದ ಗೂಡಿನ ಹಾಗಿದೆ," ಎಂದ ಮೇತೆಕ್. "ನಮ್ಮ ಅಂಗಡಿಗೆ ಯಾಕೆ ಬರ್ತಿಲ್ಲ? ಬ್ರೊನ್ಯಾ ಕೈಗೆ ಹೆದರಿದೀಯಾ?"

"ಇಲ್ಲಪ್ಪ. ಪುರುಸೊತ್ತಾಗಲಿಲ್ಲ."

"ನಾಳಿದ್ದು ಬಾ. ಎಡಗೈಯಲ್ಲಿ ಕತ್ತರಿ ಹಿಡಿಯೋದು ಅಭ್ಯಾಸ ಮಾಡ್ತಿದೀನಿ. ಮೊದಲನೇ ತಲೆ ನಿಂದೇ ಆಗ್ಲಿ. ಕೆಟ್ಟರೂ ಬೈಯದೇ ಇರೋನ ತಲೆ ಬೇಕು ನೋಡು."

ಇಲ್ಲ ಅನ್ನುವುದಕ್ಕೆ ಓಲ್ಗೆರ್ದ್‌ಗೆ ನಾಲಿಗೆ ಹೊರಳಲಿಲ್ಲ.

ಹೇಳಿದ ದಿನ ಬೆಳಿಗ್ಗೆ ಹೋದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಬ್ರೊನ್ಯಾ ಸಂತೆಗೆ ಹೋಗಿದ್ದಳು. ಟೋಪಿಯನ್ನು ಗೂಟಕ್ಕೆ ಹಾಕಿ ಕುರ್ಚಿಯಲ್ಲಿ ಕೂತ. ಮೇತೆಕ್ ಒಂದೇ ಕೈಯಲ್ಲಿ, ಗಂಟಿಗೆ ಹಲ್ಲನ್ನೂ ಬಳಸಿ, ಬಿಳಿ ಬಟ್ಟೆ ಹೊದಿಸಿ ಕಟ್ಟಿದ. ಬಾಚಣಿಗೆಯನ್ನು ಬಲಗೈಯ ಚಾಚಿದ ಬೆರಳುಗಳ ನಡುವೆ ಸಿಕ್ಕಿಸಿಕೊಂಡ. ಎಡಗೈಯಲ್ಲಿ ಕತ್ತರಿ. ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗೆ ಹಾಕಿ, ಶಾಲೆಗೆ ಹೊಸದಾಗಿ ಸೇರಿದವರು ಅಕ್ಷರ ತಿದ್ದುವ ಹಾಗೆ ಒಂದೊಂದೇ ಕುಚ್ಚು ಕತ್ತರಿಸಿದ. ಮೂವತ್ತು ವರ್ಷ ಮಾತಾಡುತ್ತಲೇ ತಲೆ ಮುಗಿಸುತ್ತಿದ್ದವನಿಗೆ ಈಗ ಮಾತಾಡಲೂ ಆಗುತ್ತಿರಲಿಲ್ಲ. ಬಾಚಣಿಗೆ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡ. ಮತ್ತೆ ಬಿತ್ತು. "ಕ್ಷಮಿಸಪ್ಪ," ಎಂದ ಮೇತೆಕ್.

ಆ ಮಾತು ಅವನ ಬಾಯಿಂದ ಬಂದದ್ದೇ ತಡ, ಓಲ್ಗೆರ್ದ್‌ಗೆ ಇನ್ನು ತಡೆಯಲಾಗಲಿಲ್ಲ.

"ಮೇತೆಕ್, ನನಗೆ ಕಂಡಿತ್ತು."

"ಏನು ಕಂಡಿತ್ತು?"

"ನಿನ್ನ ಕೈ. ಅವತ್ತು. ನೀನು ನಮಸ್ಕಾರ ಮಾಡ್ತಿದ್ದದ್ದು ಕಂಡಿತ್ತು. ನೀನು ಆಟ ನಿಲ್ಲಿಸಿದೀಯ ಅಂತ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ."

ಕತ್ತರಿಯ ಸದ್ದು ನಿಂತಿತು. ಕನ್ನಡಿಯಲ್ಲಿ ಮೇತೆಕ್‌ನ ಮುಖ ಮೊದಲು ನಗುವುದಕ್ಕೆ ಹೊರಟು, ಅರ್ಧದಲ್ಲಿ ನಿಂತು, ಆಮೇಲೆ ಓಲ್ಗೆರ್ದ್ ಎಂದೂ ನೋಡದ ಮುಖವಾಯಿತು.

"ಯಾಕೆ?" ಎಂದ.

"ಜನ ನಕ್ಕರು. ಅದಕ್ಕೆ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಮೇತೆಕ್ ಕತ್ತರಿಯನ್ನು ಮೆಲ್ಲಗೆ ಕನ್ನಡಿಯ ಮುಂದೆ ಇಟ್ಟ. ಬಿಳಿ ಬಟ್ಟೆಯನ್ನು ಬಿಚ್ಚಿ, ಕೂದಲು ಒದರಿ, ಮಡಚಿ ಕುರ್ಚಿಯ ಕೈ ಮೇಲೆ ಹಾಕಿದ. "ಮೊದಲ ದಿನ ನಿನ್ನ ಮೇಲೆ ಬ್ರೊನ್ಯಾ ಬೇಜಾರು ಮಾಡ್ಕೊಂಡಾಗ ನಾನೇ ಜಗಳ ಆಡಿದ್ದೆ ಕಣೋ," ಎಂದ. "ಅವನು ನನ್ನ ಸ್ನೇಹಿತ, ಅವನಿಗೆ ಕಾಣಲಿಲ್ಲ ಅಂತ. ಹೊರಗೆ ನಡಿ."

"ಮೇತೆಕ್..."

"ನಡಿ ಅಂದೆ."

ಓಲ್ಗೆರ್ದ್ ಎದ್ದು ಹೊರಗೆ ಬಂದ. ಬಾಗಿಲು ಹಾಕಿಕೊಂಡ ಮೇಲೆ ಟೋಪಿ ಒಳಗೇ ಉಳಿದದ್ದು ನೆನಪಾಯಿತು. ಮತ್ತೆ ಒಳಗೆ ಹೋಗುವ ಹಾಗಿರಲಿಲ್ಲ. ಒಂದು ಕಡೆ ಕಿವಿ ಕಾಣುವಂತೆ ಕತ್ತರಿಸಿದ ಕೂದಲು, ಇನ್ನೊಂದು ಕಡೆ ಕಾಲರಿಗೆ ಇಳಿದ ಪೊದೆ. ಅಂದು ಸಂತೆಯ ದಿನ, ಚೌಕದ ತುಂಬ ಜನ. ಎಲೆಕೋಸು ಮಾರುವವಳು ಮಾತು ನಿಲ್ಲಿಸಿ ನೋಡಿದಳು. ಬಸ್ ನಿಲ್ದಾಣದಲ್ಲಿ ಯಾರೋ, "ಗಾವ್ರೋನ್ ಸಾಹೇಬ್ರೇ, ಇದು ಹೊಸ ಫ್ಯಾಷನ್ನೋ ಅಥವಾ ಹದಿನೈದನೇ ಶತಮಾನದ್ದೋ?" ಎಂದು ಕೇಳಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಬ್ರೊನ್ಯಾ ಎದುರಿಗೆ ಬಂದು, ಮೂಲಂಗಿಯ ಕಟ್ಟು ಹಿಡಿದುಕೊಂಡೇ, "ಅಯ್ಯೋ, ಅರ್ಧಕ್ಕೇ ಬಿಟ್ಟುಬಿಟ್ನಾ? ಕೈ ನೋವು ಬಂತೇನೋ ಪಾಪ. ಬಾ, ನಾನು ಮುಗಿಸ್ತೀನಿ," ಅಂದಳು. ಅವನು ತಲೆ ಅಲ್ಲಾಡಿಸಿ ಸರಸರ ನಡೆದುಬಿಟ್ಟ.

ಮನೆಯಲ್ಲಿ ಇರ್ಮಿನಾ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದಳು. ಅವನ ತಲೆ ನೋಡಿದಳು, ಮುಖ ನೋಡಿದಳು, ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

"ನನಗೆ ಗೊತ್ತಿತ್ತು ಅಂತ ಹೇಳಲ್ಲ," ಎಂದಳು. "ಗೊತ್ತಿರಲಿಲ್ಲ. ಆದ್ರೆ ಕೇಳಿ ಆಶ್ಚರ್ಯ ಆಗಲಿಲ್ಲ ಓಲೆಕ್. ಅದೇ ನನಗೆ ಬೇಜಾರು."

ಆ ಮಾತು ಅವನಿಗೆ ಮೇತೆಕ್‌ನ ಮಾತಿಗಿಂತ ಆಳಕ್ಕೆ ಹೋಯಿತು.

ಅವಳು ಕತ್ತರಿ ತಂದಳು. ಅವನು ಬೇಡ ಎಂದ. ಹೀಗೇ ಇರಲಿ, ಇದೇ ತಲೆಯಲ್ಲಿ ಕೆಲಸಕ್ಕೆ ಹೋಗುತ್ತೇನೆ, ಚರ್ಚಿಗೆ ಹೋಗುತ್ತೇನೆ, ನಾಲ್ಕು ಜನ ನೋಡಿ ಕೇಳಲಿ, ನನಗೆ ಅದೇ ಆಗಬೇಕಾದದ್ದು ಎಂದ.

"ಓಹೋ," ಎಂದಳು ಇರ್ಮಿನಾ. "ಇಷ್ಟು ದಿನ ಹೊಳೆಯೋ ಎದೆಗವಚ ಹಾಕ್ಕೊಂಡು ನನ್ನ ನೋಡಿ ಅಂತಿದ್ದೆ. ಈಗ ಅರ್ಧ ತಲೆ ಹೊತ್ಕೊಂಡು ನನ್ನ ನೋಡಿ ಅಂತೀಯ. ಆ ಮನುಷ್ಯನ ಬೆರಳು ಮುರಿದಿದೆ. ಊರು ನೋಡ್ಬೇಕಾದ್ದು ನಿನ್ನ ತಲೆನಾ?"

ಅವನು ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಅವಳು ಉಳಿದ ಕೂದಲನ್ನೂ ತೆಗೆದು, ಇಡೀ ತಲೆಯನ್ನು ಒಂದೇ ಸಮ ಮಾಡಿದಳು. ಕತ್ತರಿಸುವಾಗ ಅವಳ ಕೈ ಮೃದುವಾಗಿಯೇನೂ ಇರಲಿಲ್ಲ.

ಶನಿವಾರ ತಂಡದವರು ಅಗ್ನಿಶಾಮಕದವರ ಸಭಾಂಗಣದಲ್ಲಿ ಸೇರಿದ್ದಾಗ ಓಲ್ಗೆರ್ದ್ ಎದ್ದು ನಿಂತು ಮೇತೆಕ್‌ಗೆ ಹೇಳಿದ್ದನ್ನೇ ಹೇಳಿದ. ಮೂರೇ ಮಾತಿನಲ್ಲಿ ಮುಗಿಯಿತು. ಬೈಗುಳ ಬರುತ್ತದೆಂದು ಕಾದ. ಬರಲಿಲ್ಲ. ಅಂಚೆಯವನು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಕಟುಕ ಕೆಮ್ಮಿದ. ರೋಖ್ ಮಾತಾಡಿದ.

"ನೀನು ಬೀಳಲ್ಲ ಅಂತ ನಮಗೆಲ್ಲ ಗೊತ್ತಿತ್ತು. ವರ್ಷಗಟ್ಟಲೆಯಿಂದ ಗೊತ್ತಿತ್ತು. ಮುಖದ ಮೇಲೆ ಹೇಳಿದ್ರೆ ನೀನು ಶಿರಸ್ತ್ರಾಣ ಮಾಡಿಕೊಡಲ್ವೇನೋ ಅಂತ ಸುಮ್ಮನಿದ್ವಿ. ಬೆನ್ನ ಹಿಂದೆ ಮಾತ್ರ ನಗ್ತಿದ್ವಿ." ಅವನೂ ತಲೆ ಎತ್ತಲಿಲ್ಲ. "ನೀನು ಇನ್ನು ಮೈದಾನಕ್ಕೆ ಇಳಿಯೋದು ಬೇಡ ಓಲೆಕ್. ಇದು ಶಿಕ್ಷೆ ಅಂದ್ಕೋ, ಏನು ಬೇಕಾದ್ರೂ ಅಂದ್ಕೋ. ನಿನ್ನ ಎದುರಿಗೆ ನಿಲ್ಲೋಕೆ ಯಾರಿಗೂ ಮನಸ್ಸಾಗಲ್ಲ."

ಓಲ್ಗೆರ್ದ್ ಸರಿ ಎಂದ. ಹೊಳೆಯುವ ಎದೆಗವಚವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಬ್ರೊನ್ಯಾ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಒಂದು ದಿನ ಅವನ ಟೋಪಿ ಗ್ಯಾರೇಜಿನ ಬಾಗಿಲ ಚಿಲಕಕ್ಕೆ ತಗುಲಿಹಾಕಿತ್ತು. ಯಾರು ತಂದಿಟ್ಟರೋ ತಿಳಿಯಲಿಲ್ಲ. ಕ್ರಿಸ್‌ಮಸ್ ರಾತ್ರಿಯ ಊಟಕ್ಕೆ ಮುಂಚೆ ಮನೆಮಂದಿ ತೆಳು ರೊಟ್ಟಿ ಮುರಿದು ಹಂಚಿಕೊಂಡು ಒಬ್ಬರಿಗೊಬ್ಬರು ಒಳ್ಳೆಯದಾಗಲಿ ಎನ್ನುವುದು ಅಲ್ಲಿಯ ವಾಡಿಕೆ. ಇರ್ಮಿನಾ ತನ್ನ ರೊಟ್ಟಿಯನ್ನು ಮುಂದೆ ಹಿಡಿದಳು. ಅದರ ತುಣುಕು ಮುರಿಯಲು ಅವನ ಬೆರಳು ಮುಂದೆ ಬರಲಿಲ್ಲ. ಅವಳೇ ಮುರಿದು ಅವನ ಕೈಯಲ್ಲಿಟ್ಟಳು.

ಮುಂದಿನ ಬೇಸಿಗೆ ಅವನು ಮತ್ತೆ ಮೈದಾನಕ್ಕೆ ಹೋದದ್ದು ನೀರು ಹೊರುವುದಕ್ಕೆ. ಉಕ್ಕಿನೊಳಗೆ ಬೇಯುವವರಿಗೆ ಕಾಳಗದ ಮಧ್ಯೆ ನೀರು ಕುಡಿಸುವ ಕೆಲಸ ಸಾಮಾನ್ಯವಾಗಿ ಹೆಂಗಸರು, ವಯಸ್ಸಾದವರು ಮಾಡುತ್ತಿದ್ದದ್ದು. ಕಂದು ಬಣ್ಣದ ಒರಟು ಅಂಗಿ, ಭುಜಕ್ಕೆ ನೊಗ, ಎರಡು ಮರದ ಬಕೀಟು. ಮೊದಲ ಭಾನುವಾರ ಅವನನ್ನು ಆ ವೇಷದಲ್ಲಿ ನೋಡಿ ಕೆಲವರು ಬೇಕೆಂದೇ ಬೇರೆಯವರ ಬಳಿ ನೀರು ಕುಡಿದರು. ಅವನು ಏನೂ ಅನ್ನದೆ ಬಕೀಟು ತುಂಬಿ ತಂದಿಟ್ಟ. ಬಾಯಾರಿಕೆ ದೊಡ್ಡದು, ಬರಬರುತ್ತ ಎಲ್ಲರೂ ಕುಡಿದರು.

ಆಗಸ್ಟಿನ ಒಂದು ಭಾನುವಾರ ಮೇತೆಕ್ ಮತ್ತು ಬ್ರೊನ್ಯಾ ನೋಡಲು ಬಂದಿದ್ದರು. ಹಗ್ಗದ ಆಚೆ, ಎಲ್ಲರ ಹಾಗೆ, ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಓಲ್ಗೆರ್ದ್ ಆ ಬದಿಗೆ ಹೋಗದೆ ಮೈದಾನದ ಇನ್ನೊಂದು ತುದಿಯಲ್ಲೇ ಓಡಾಡಿದ. ಬಿಸಿಲು ಏರಿತು. ಆ ಕಡೆ ನೀರು ಕೊಡಬೇಕಾಗಿದ್ದವಳು ತಲೆ ಸುತ್ತಿ ನೆರಳಿಗೆ ಹೋದಳು. ರೋಖ್ ಅವನನ್ನೇ ಕಳಿಸಿದ. ಅವನು ನೆಲ ನೋಡುತ್ತ ಹಗ್ಗದುದ್ದಕ್ಕೂ ನಡೆದ.

"ಏಯ್, ನೀರಿನವನೇ," ಎಂದು ಮೇತೆಕ್‌ನ ದನಿ ಕೇಳಿಸಿತು.

ಓಲ್ಗೆರ್ದ್ ನಿಂತ. ಮೇತೆಕ್ ಎದ್ದು ಹಗ್ಗದ ಬಳಿ ಬಂದ. ಅವನು ತೆಳ್ಳಗಾಗಿದ್ದ.

"ನಿನ್ನನ್ನ ಕ್ಷಮಿಸಿದೀನಿ ಅಂತ ಹೇಳೋಕೆ ಕರೀಲಿಲ್ಲ," ಎಂದ. "ಅದು ಇನ್ನೂ ಆಗಿಲ್ಲ. ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳುವಾಗ ದಿನಾ ನಿನ್ನನ್ನ ಬೈಕೋತೀನಿ."

"ಬೈಕೋ," ಎಂದ ಓಲ್ಗೆರ್ದ್.

"ಬಾಯಾರಿಕೆ ಆಗಿದೆ. ಅದಕ್ಕೆ ಕರೆದೆ."

ಓಲ್ಗೆರ್ದ್ ಸೌಟಿನಲ್ಲಿ ನೀರು ತೆಗೆದು ಕೊಟ್ಟ. ಮೇತೆಕ್ ಎಡಗೈಯಲ್ಲಿ ತೆಗೆದುಕೊಂಡು, ಚೆಲ್ಲದೆ, ಪೂರ್ತಿ ಕುಡಿದ. ಆಮೇಲೆ ಸೌಟನ್ನು ಬ್ರೊನ್ಯಾ ಕಡೆಗೆ ಚಾಚಿದ. ಅವಳು ಮುಖ ತಿರುಗಿಸಿಕೊಂಡು ಕೂತಿದ್ದಳು, ತೆಗೆದುಕೊಳ್ಳಲಿಲ್ಲ. ಮೇತೆಕ್ ಅದನ್ನು ಓಲ್ಗೆರ್ದ್‌ಗೆ ಹಿಂತಿರುಗಿಸಿ, ಹೋಗಿ ಕಂಬಳಿಯ ಮೇಲೆ ಕೂತ.

ಮೈದಾನದಿಂದ ಯಾರೋ ನೀರು ನೀರು ಎಂದು ಕೂಗಿದರು. ಓಲ್ಗೆರ್ದ್ ನೊಗವನ್ನು ಹೆಗಲಿಗೆ ಏರಿಸಿಕೊಂಡು ಆ ಕಡೆಗೆ ಹೊರಟ. ಅವನ ಮುಖ ಬಿಸಿಯಾಗಿಯೇ ಇತ್ತು. ಇವತ್ತಿಗೂ ಆ ಇಬ್ಬರು ಎದುರಾದಾಗ ಅದು ಹಾಗೇ ಬಿಸಿಯಾಗುತ್ತದೆ. ಆದರೂ ಈಗ ಅವನು ದಾರಿ ಬಿಟ್ಟು ಪಕ್ಕದ ಬೀದಿಗೆ ಹೊರಳುವುದಿಲ್ಲ.